ಓಲೆಗರಿಯ ಬೆನ್ನು ಹತ್ತಿದವರು

ಹಳೆಯ ಸೇತುವೆಯೊಂದರ ಕಲ್ಲುಸಂದಿಯಲ್ಲಿ ಯಾರೋ ಒಬ್ಬರು ಚಿಕ್ಕ ಡಬ್ಬಿಯನ್ನು ಅಡಗಿಸಿಡುವುದು; ಅದರ ನೆಲೆಯನ್ನು ಒಗಟಾಗಿ ಹೇಳುವುದು; ಒಗಟನ್ನು ಬಿಡಿಸಿದವರು ಉಪಗ್ರಹಗಳ ನೆರವಿನಿಂದ ಸೇತುವೆಯ ಮೇಲೆ ಹೆಜ್ಜೆ ಎಣಿಸುತ್ತ ಬಂದು, ಡಬ್ಬಿಯನ್ನು ತೆಗೆದು, ಒಳಗಿನ ಕಿರುಹೊತ್ತಗೆಯಲ್ಲಿ ಹೆಸರು ಬರೆದು, ಮುಂದೆ ಬರುವವರಿಗಾಗಿ ಅದನ್ನು ಇದ್ದಲ್ಲಿಯೇ ಇಟ್ಟು ಹೋಗುವುದು. ಜಿಯೋಕ್ಯಾಚಿಂಗ್ ಎಂಬ ಈ ಆಟ 2000ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹುಟ್ಟಿ, ಲೋಕದ ನಾನಾ ದೇಶಗಳಿಗೆ ಹಬ್ಬಿದೆ. ತರಗತಿಯ ಹುಡುಗರು ಇದರ ಮಾತೆತ್ತಿದಾಗ ನನ್ನ ಮನಸ್ಸು ಒಗಟಿಗಿಂತ ಹೆಚ್ಚಾಗಿ ಆ ಕೊನೆಯ ನಿಯಮದ ಮೇಲೆ ನಿಲ್ಲುತ್ತದೆ. ದೊರೆತುದು ದೊರಕಿಸಿಕೊಂಡವನ ಸ್ವತ್ತಲ್ಲ. ಮುಂದೆ ಬರುವವನ ಪಾಲು. ಈ ನಿಯಮವನ್ನು ಆಟವೆಂದಲ್ಲ, ಬಾಳೆಂದೇ ನಡೆಸಿದ ಮಹನೀಯರೊಬ್ಬರು ನಮ್ಮ ವಿಜಯಪುರದಲ್ಲಿ ಆರು ದಶಕಗಳ ಕಾಲ ಇದ್ದರು. ಅವರೇ ಫ. ಗು. ಹಳಕಟ್ಟಿಯವರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರೂ ಹೌದು. ಧಾರವಾಡದ ಶಾಲೆಯ ಓದು ಮುಗಿಸಿದ ಮಗ ಮುಂಬಯಿಗೆ ಹೋಗಿ ಕಾಲೇಜು ಸೇರಿದರು. ಕಾನೂನು ಪದವಿಯನ್ನು ಪಡೆದರು. ಆ ಮಹಾನಗರದಲ್ಲಿ ಮರಾಠಿ, ಗುಜರಾತಿ ಜನರು ತಂತಮ್ಮ ನುಡಿಯನ್ನು ಬೆಳೆಸುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು, ತಮ್ಮ ಕನ್ನಡದ ಸ್ಥಿತಿಯನ್ನು ನೆನೆದು ನೊಂದರು. ಸ್ವಲ್ಪ ಕಾಲ ಬೆಳಗಾವಿಯಲ್ಲಿದ್ದು, 1904ರಲ್ಲಿ ಅಂದಿನ ಬಿಜಾಪುರಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಬುದ್ಧಿವಂತ ವಕೀಲನಿಗೆ ಹಣಕ್ಕೂ ಅಧಿಕಾರಕ್ಕೂ ದಾರಿ ಅಂದು ತೆರೆದೇ ಇತ್ತು. ಆ ದಾರಿಯಿಂದ ಅವರನ್ನು ಪಕ್ಕಕ್ಕೆ ಸೆಳೆದುದು ಒಂದು ಓಲೆಗರಿಯ ಕಟ್ಟು.

ವಿಜಯಪುರದಿಂದ ಪಡುವಣಕ್ಕೆ ಹೊರಟರೆ ಒಂದು ದಾರಿ ತಿಕೋಟಾದ ಮೇಲೆ ಅಥಣಿಯ ಕಡೆಗೆ ಹೋಗುತ್ತದೆ. ಇನ್ನೊಂದು ಬಬಲೇಶ್ವರವನ್ನು ಹಾದು ಕೃಷ್ಣೆಯನ್ನು ದಾಟಿ ಜಮಖಂಡಿಯ ಸೀಮೆಯನ್ನು ಮುಟ್ಟುತ್ತದೆ. ಆ ಸೀಮೆಯ ರಬಕವಿ–ಬನಹಟ್ಟಿ ನೇಕಾರರ ನಾಡು. ಅಲ್ಲಿ ಮಂಚಾಲೆ ಮನೆತನದ ಶಿವಲಿಂಗಪ್ಪನವರ ಮನೆಯಲ್ಲಿ ಹಳಕಟ್ಟಿಯವರು ವಚನಗಳ ತಾಡವೋಲೆಗಳನ್ನು ಕಂಡರು. ವಚನವೆಂಬುದು ಅದುವರೆಗೆ ಮಠಗಳಲ್ಲಿ, ಭಕ್ತರ ನಾಲಗೆಯಲ್ಲಿ, ಬೆರಳೆಣಿಕೆಯ ಅಚ್ಚು ಪುಸ್ತಕಗಳಲ್ಲಿ ಮಾತ್ರ ಉಳಿದಿದ್ದ ವಸ್ತು. ವಚನಕಾರರೆಂದು ವಿದ್ಯಾವಂತರು ಬಲ್ಲ ಹೆಸರುಗಳು ಐವತ್ತರ ಆಸುಪಾಸು. ಒಂದು ಮನೆಯಲ್ಲಿ ಇಷ್ಟಿದ್ದರೆ ಉಳಿದ ಮನೆಗಳಲ್ಲಿ ಎಷ್ಟಿರಬಹುದು ಎಂಬ ಲೆಕ್ಕ ವಕೀಲರ ಮನಸ್ಸಿಗೆ ಹೊಳೆಯದೆ ಇದ್ದೀತೆ?

ಅಂದಿನಿಂದ ಹುಡುಕಾಟ ಮೊದಲಾಯಿತು. ಇದರ ಕಷ್ಟವನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಓಲೆಯ ಕಟ್ಟು ಕಪಾಟಿನ ಪುಸ್ತಕವಲ್ಲ. ದೇವರ ಜಗಲಿಯ ಮೇಲೆ ವಿಭೂತಿ ಧರಿಸಿ ಕುಳಿತ ಪೂಜಾವಸ್ತು. ಅದನ್ನು ಬಿಚ್ಚಲು ಮನೆಯ ಹಿರಿಯರು ಒಪ್ಪಬೇಕು. ಬಿಚ್ಚಿದರೆ ದಾರ ಹರಿದಿರುತ್ತದೆ, ಗರಿಗಳು ಹಿಂದುಮುಂದಾಗಿರುತ್ತವೆ, ಅಂಚನ್ನು ಹುಳು ತಿಂದಿರುತ್ತದೆ. ಪದದಿಂದ ಪದಕ್ಕೆ ತೆರಪಿಲ್ಲ. ವಾಕ್ಯ ಮುಗಿಯಿತೆಂದು ಹೇಳುವ ಚಿಹ್ನೆಯಿಲ್ಲ. ಒಂದೇ ಕಟ್ಟಿನಲ್ಲಿ ಹತ್ತಾರು ಜನರ ಮಾತು ಬೆರೆತಿರುತ್ತದೆ. ಆಗ ಕೈ ಹಿಡಿದು ನಡೆಸುವುದು ಅಂಕಿತವೊಂದೇ. ಕೂಡಲಸಂಗಮದೇವ ಎಂದು ಮುಗಿದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ದೋಣಿ ನಡೆಸುವ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡು ಹುಡುಕುವವರ ಕೆಲಸವನ್ನು ಹಗುರಮಾಡಿದ್ದಾನೆ. ಆದರೆ ಯಾರೂ ಕೇಳರಿಯದ ಅಂಕಿತವೊಂದು ಎದುರಾದರೆ? ಅದರ ಒಡೆಯ ಯಾರು, ಯಾವ ಕಾಯಕದವನು, ಯಾವ ಊರಿನವನು ಎಂಬುದಕ್ಕೆ ಇನ್ನೊಂದು ಓಲೆಯನ್ನು, ಇನ್ನೊಂದು ಪುರಾಣವನ್ನು ಅರಸಬೇಕು. ಒಂದು ಸುಳಿವು ಮತ್ತೊಂದು ಮಠಕ್ಕೆ, ಆ ಮಠ ಮತ್ತೊಂದು ಊರಿಗೆ ಕಳಿಸುತ್ತದೆ. ಇವೆಲ್ಲದರ ಮೇಲೆ ಬೆಡಗಿನ ವಚನಗಳಂತೂ ಒಗಟಿನೊಳಗಿನ ಒಗಟು. ಹಳೆಯ ಟೀಕಾಕಾರರ ಕೀಲಿ ದೊರೆಯದೆ ಅವು ಬಾಯಿಬಿಡವು. ಸೈಕಲ್ಲಿನ ಮೇಲೂ ಕಾಲ್ನಡಿಗೆಯಲ್ಲಿಯೂ ಅಲೆದು, ಕಂಡುದನ್ನು ನಕಲಿಸಿ, ಓಲೆಗೆ ಓಲೆ ಹೋಲಿಸಿ ಹಳಕಟ್ಟಿಯವರು ಮುಂದುವರಿದಂತೆ ವಚನಕಾರರ ಸಂಖ್ಯೆ 250ರ ಹತ್ತಿರಕ್ಕೆ ಏರಿತು. ಮೇಲುಜಾತಿಯ ಪಂಡಿತರ ಬದಿಯಲ್ಲಿ ಕಟ್ಟಿಗೆ ಮಾರುವವರು, ಅಕ್ಕಿ ಆಯುವವರು, ಚಪ್ಪಲಿ ಹೊಲೆಯುವವರು ಕನ್ನಡ ಸಾಹಿತ್ಯದ ಚರಿತ್ರೆಯೊಳಗೆ ಬಂದು ಕುಳಿತರು.

ಸಂಗ್ರಹಿಸಿದವರು ಅನೇಕರಿರಬಹುದು, ಸಂಗ್ರಹಿಸಿದ್ದನ್ನು ಬಚ್ಚಿಟ್ಟುಕೊಳ್ಳದವರು ವಿರಳ. ಹಳಕಟ್ಟಿಯವರಿಗೆ ಅಚ್ಚಾಗುವುದೇ ದೊರಕುವುದರ ಅರ್ಥ. ವಚನಶಾಸ್ತ್ರಸಾರದ ಹಸ್ತಪ್ರತಿ ಮಂಗಳೂರಿನ ಮುದ್ರಣಾಲಯಕ್ಕೆ ಹೋಗಿ ಮರಳಿ ಬಂದಿತು. ಅವರು ಎದೆಗುಂದದೆ ಬೆಳಗಾವಿಯಲ್ಲಿ ಅದನ್ನು ಅಚ್ಚು ಹಾಕಿಸಿದರು. ಮೊದಲ ಭಾಗ 1923ರಲ್ಲಿ ಹೊರಬಿದ್ದಿತು. ಪರರ ಅಚ್ಚುಕೂಟವನ್ನು ನಂಬಿ ಕೂರುವಂತಿಲ್ಲವೆಂದು ಕಂಡುಕೊಂಡು ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹುಟ್ಟಿದವು. ಹರಿಹರನ ರಗಳೆಗಳನ್ನೂ, 1930ರಲ್ಲಿ ಶೂನ್ಯಸಂಪಾದನೆಯನ್ನೂ ಪ್ರಕಟಿಸಿದರು. ಬರೆಯುವವರು, ತಿದ್ದುವವರು, ಅಚ್ಚಿನ ಕರಡು ನೋಡುವವರು, ಚಂದಾದಾರರನ್ನು ಬೇಡುವವರು ಬಹುಮಟ್ಟಿಗೆ ಅವರೊಬ್ಬರೇ.

ಇಷ್ಟರ ನಡುವೆ ಊರಿನ ಕೆಲಸವನ್ನು ಅವರು ಮರೆತವರಲ್ಲ. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಗೂ, 1912ರ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಅವರ ಶ್ರಮವೇ ಅಡಿಗಲ್ಲು. ಮುಂಬಯಿ ಶಾಸನಸಭೆಯ ಸದಸ್ಯರಾದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕರ್ನಾಟಕ ಏಕೀಕರಣಕ್ಕಾಗಿ ದುಡಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕಟ್ಟಿಸಿದ ಬ್ಯಾಂಕಿನಲ್ಲಿ ಊರಿನ ಹಣ ಬೆಳೆಯುತ್ತಿದ್ದರೂ ಅವರ ಮನೆಯಲ್ಲಿ ಬಡತನ ಉಳಿಯಿತು. 1964ರ ಜೂನ್ 29ರಂದು ಅವರು ತೀರಿಕೊಂಡರು.

ಅವರ ಸಂಪಾದನೆಯಲ್ಲಿ ಕುಂದಿಲ್ಲವೆಂದು ನಾನು ಹೇಳಲಾರೆ. ವಚನಶಾಸ್ತ್ರಸಾರದಲ್ಲಿ ವಚನಗಳು ವಿಷಯಾನುಸಾರ ಜೋಡಣೆಗೊಂಡಿವೆ. ಹೇಳಿದವನ ವ್ಯಕ್ತಿತ್ವ ಆ ಜೋಡಣೆಯಲ್ಲಿ ಚೆದುರುತ್ತದೆ. ಪಾಠಾಂತರಗಳನ್ನು ತೂಗುವ ಶಿಸ್ತು ಮುಂದಿನ ವಿದ್ವಾಂಸರಿಂದ ಬಂದಿತು. 1993ರಲ್ಲಿ ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಆದರೆ ತಿದ್ದಲು ಒಂದು ಪಾಠವಿರಬೇಕಷ್ಟೆ? ಮೊದಲು ಅದನ್ನು ಮೇಜಿನ ಮೇಲೆ ತಂದಿಟ್ಟವರು ಯಾರು? ತಮ್ಮನ್ನು ಮೀರಿ ಹೋಗುವವರಿಗಾಗಿಯೇ ಅವರು ದಾರಿ ಸವೆಸಿದರು. ಕಂಡುದನ್ನು ಮನೆಯಲ್ಲಿಟ್ಟುಕೊಂಡಿದ್ದರೆ ಅವರನ್ನು ತಿದ್ದುವ ಸುಖವೂ ನಮಗಿರುತ್ತಿರಲಿಲ್ಲ.

ಅವರ ಹುಟ್ಟುಹಬ್ಬದ ದಿನವನ್ನು ನಾಡು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಾಲೆ, ಭಾಷಣಗಳೂ ಇರಲಿ. ಆದರೆ ಸಂರಕ್ಷಣೆ ಎಂದರೆ ಕಾದಿಡುವುದು ಮಾತ್ರವೆ ಎಂಬ ಪ್ರಶ್ನೆಯನ್ನು ಅಧ್ಯಾಪಕರಾದ ನಾವು ಕೇಳಿಕೊಳ್ಳಬೇಕು. ಅಚ್ಚಾದ ವಚನ ಪರೀಕ್ಷೆಯ ಆಚೆಗೆ ಓದುವವರಿಲ್ಲದೆ ಉಳಿದರೆ, ಅದು ಜಗಲಿಯ ಮೇಲಿನ ಬಿಚ್ಚದ ಕಟ್ಟಿಗಿಂತ ಹೆಚ್ಚೇನೂ ಅಲ್ಲ. ಒಂದು ಬೆಡಗಿನ ವಚನವನ್ನು ಟೀಕೆಯ ಸಹಾಯದಿಂದ ತಾನೇ ಬಿಡಿಸಿ, ಬಿಡಿಸಿದ ಬಗೆಯನ್ನು ಪಕ್ಕದವನಿಗೆ ತಿಳಿಸಿಕೊಡುವ ವಿದ್ಯಾರ್ಥಿ ಹಳಕಟ್ಟಿಯವರ ವಂಶಕ್ಕೆ ಸೇರಿದವನು. ಅವನ ಕೈಗೆ ತಲಪುವಂತೆ ಅದನ್ನು ಇಟ್ಟುಹೋದವರು, ತಮಗೆಂದು ಮನೆಯನ್ನೂ ಉಳಿಸಿಕೊಳ್ಳಲಿಲ್ಲ.