ಹಾವರ್ತಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ

‘ಜೇನ್ ಐರ್’ ಕಾದಂಬರಿಯನ್ನು ಓದಿದವರಿಗೆ ಷಾರ್ಲೆಟ್ ಬ್ರಾಂಟೆಯ ಹೆಸರು ಹೊಸದಲ್ಲ. ಆಕೆಯ ತಂಗಿಯರಾದ ಎಮಿಲಿ ಮತ್ತು ಆನ್ ಇವರ ಕೀರ್ತಿಯೂ ಲೋಕವಿದಿತವಾದುದೇ. ಆದರೆ ಈ ಮೂವರ ತಂದೆಯ ಕಡೆಗೆ ನಮ್ಮ ಗಮನ ಹರಿಯುವುದು ಕಡಮೆ. ಕಳೆದ ರಜೆಯಲ್ಲಿ ಆತನ ಜೀವನವೃತ್ತಾಂತವನ್ನು ಓದುತ್ತ ಹೋದಂತೆ, ಈತ ನಮ್ಮ ಪೈಕಿಯವನೇ ಎಂದು ನನಗೆ ಅನಿಸಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಆತನೂ ಹಾಗೆಯೇ.

ಪ್ಯಾಟ್ರಿಕ್ ಬ್ರಾಂಟೆ 1777ರ ಮಾರ್ಚ್ 17ರಂದು ಐರ್ಲೆಂಡಿನ ಡೌನ್ ಪ್ರಾಂತದಲ್ಲಿ ಬಡ ಒಕ್ಕಲು ಮನೆಯೊಂದರಲ್ಲಿ ಹುಟ್ಟಿದ. ಹತ್ತು ಮಕ್ಕಳಲ್ಲಿ ಈತನೇ ಹಿರಿಯ. ಹುಡುಗತನದಲ್ಲಿ ಕಮ್ಮಾರನ ಕುಲುಮೆಯಲ್ಲಿಯೂ ನೇಯ್ಗೆಯ ಮಗ್ಗದಲ್ಲಿಯೂ ದುಡಿದ. ಅನಂತರ ಊರಿನ ಮಕ್ಕಳಿಗೆ ಉಪಾಧ್ಯಾಯನಾದ. ಟೈ ಎಂಬ ಪಾದ್ರಿ ತನ್ನ ಮಕ್ಕಳಿಗೆ ಪಾಠ ಹೇಳಲು ಇವನನ್ನು ಇರಿಸಿಕೊಂಡು, ಇವನ ಬುದ್ಧಿಶಕ್ತಿಯನ್ನು ಕಂಡು ಕೈಹಿಡಿದ. 1802ರಲ್ಲಿ ಪ್ಯಾಟ್ರಿಕ್ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದ. ಆತ ಅಲ್ಲಿ ‘ಸೈಜರ್’, ಎಂದರೆ ಶುಲ್ಕದಲ್ಲಿ ರಿಯಾಯಿತಿ ಪಡೆದ ಬಡ ವಿದ್ಯಾರ್ಥಿ. ಅಷ್ಟರಿಂದಲೂ ಸಾಲದೆ ಹೋದಾಗ, ಅದೇ ಕಾಲೇಜಿನ ಹೆನ್ರಿ ಮಾರ್ಟಿನ್ ಇವನ ಪರವಾಗಿ ಶ್ರೀಮಂತರಿಗೆ ಬರೆದ. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಮತ್ತು ಆತನ ಬಂಧು ಹೆನ್ರಿ ಥಾರ್ನ್‌ಟನ್ ಧನಸಹಾಯ ಮಾಡಿದರು. ಈ ಮಾರ್ಟಿನ್ನನೇ 1806ರಲ್ಲಿ ನಮ್ಮ ದೇಶಕ್ಕೆ ಬಂದು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದವನು. ಅದೇ ವರ್ಷ ಪ್ಯಾಟ್ರಿಕ್ ಪದವೀಧರನಾಗಿ ಆಂಗ್ಲಿಕನ್ ಸಭೆಯ ದೀಕ್ಷೆ ಪಡೆದ.

ಪಾದ್ರಿಯೆಂದೊಡನೆ ಸುಖಜೀವನವೆಂದು ನಾವು ಭಾವಿಸುತ್ತೇವೆ. ಇಂಗ್ಲೆಂಡಿನಲ್ಲಿ ಕೆಲವು ಚರ್ಚುಗಳ ವರಮಾನ ಹೇರಳವಾಗಿತ್ತು, ನಿಜ. ಅನೇಕ ಚರ್ಚುಗಳದು ಹೊಟ್ಟೆಬಟ್ಟೆಗೇ ಸಾಲದಷ್ಟು. ಇಂಥವರ ವಿಧವೆಯರಿಗೂ ಅನಾಥ ಮಕ್ಕಳಿಗೂ ನೆರವಾಗಲೆಂದು 1655ರಲ್ಲಿ ಪಾದ್ರಿಗಳ ಮಕ್ಕಳೇ ಲಂಡನ್ನಿನಲ್ಲಿ ಕೂಡಿ ಒಂದು ಧರ್ಮಕಾರ್ಯಕ್ಕೆ ಮೊದಲಿಟ್ಟರು. 1678ರಲ್ಲಿ ಅದಕ್ಕೆ ರಾಜಸನ್ನದು ದೊರಕಿತು. ಅದು ಕ್ಲರ್ಜಿ ಸಪೋರ್ಟ್ ಟ್ರಸ್ಟ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. 1704ರಲ್ಲಿ ಆನ್ ರಾಣಿ, ಪಾದ್ರಿಗಳಿಂದ ಅರಮನೆಗೆ ಸಲ್ಲುತ್ತಿದ್ದ ಹಣವನ್ನು ಬಡ ಪಾದ್ರಿಗಳ ವರಮಾನ ಹೆಚ್ಚಿಸುವುದಕ್ಕೆಂದೇ ಬಿಟ್ಟುಕೊಟ್ಟಳು.

1812ರಲ್ಲಿ ಪ್ಯಾಟ್ರಿಕ್ ಮರಿಯಾ ಬ್ರಾನ್‌ವೆಲ್ ಎಂಬಾಕೆಯನ್ನು ಮದುವೆಯಾದ. ಆರು ಮಕ್ಕಳಾದರು. 1820ರಲ್ಲಿ ಸಂಸಾರಸಮೇತ ಯಾರ್ಕ್‌ಷೈರಿನ ಹಾವರ್ತ್ ಎಂಬ ಗುಡ್ಡದೂರಿಗೆ ಬಂದ. ವರ್ಷಕ್ಕೆ ಇನ್ನೂರು ಪೌಂಡಿನ ಆಸುಪಾಸಿನ ಸಂಬಳ, ಇರಲು ಸ್ಮಶಾನದ ಪಕ್ಕದಲ್ಲಿ ಒಂದು ಮನೆ. ಮನೆ ಸ್ವಂತದ್ದಲ್ಲ, ಹುದ್ದೆಗೆ ಸೇರಿದ್ದು. ಪಾದ್ರಿ ಸತ್ತರೆ ಮಕ್ಕಳು ಬೀದಿಗೆ ಬೀಳಬೇಕು. ಮರುವರ್ಷವೇ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಗೆ ತವರಿನಿಂದ ಬರುತ್ತಿದ್ದ ವರ್ಷಾಶನ 50 ಪೌಂಡು ಅಂದಿಗೇ ನಿಂತಿತು. ವೈದ್ಯದ ಖರ್ಚಿಗಾಗಿ ಮಾಡಿದ ಸಾಲ ತಲೆಯ ಮೇಲೆ ಕೂತಿತು. ಆಗ ಹಳೆಯ ಸ್ನೇಹಿತರೂ ಒಂದು ಧರ್ಮಸಂಘವೂ ಹಣ ಕೂಡಿಸಿ ಕೊಟ್ಟು ಆತನನ್ನು ಋಣಮುಕ್ತನನ್ನಾಗಿ ಮಾಡಿದರು.

ಆದರೆ ಎಲ್ಲ ನೆರವೂ ಹೀಗೆ ಒಳಿತನ್ನೇ ತರಲಿಲ್ಲ. 1824ರಲ್ಲಿ ಕೋವನ್ ಬ್ರಿಜ್ ಎಂಬಲ್ಲಿ ಬಡ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ಒಂದು ವಸತಿಶಾಲೆ ತೆರೆಯಿತು. ದಾನಿಗಳ ಹಣದಿಂದ ನಡೆಯುತ್ತಿದ್ದುದರಿಂದ ವರ್ಷಕ್ಕೆ 14 ಪೌಂಡು ಮಾತ್ರ ಶುಲ್ಕ. ತಾನು ಕಣ್ಮುಚ್ಚಿದರೂ ಮಕ್ಕಳಿಗೆ ವಿದ್ಯೆಯೊಂದಾದರೂ ಇರಲಿ ಎಂದು ಬಡ ತಂದೆ ನಾಲ್ವರು ಹುಡುಗಿಯರನ್ನು ಅಲ್ಲಿಗೆ ಕಳಿಸಿದ. ಅಲ್ಲಿ ಚಳಿ ಕಠಿಣ, ಊಟ ಕೆಟ್ಟದ್ದು. ಮರುವರ್ಷ ಶಾಲೆಯಲ್ಲಿ ಜ್ವರ ಹರಡಿತು. ಹಿರಿಯ ಮಗಳು ಮರಿಯಾ ಕ್ಷಯದಿಂದ ಮನೆಗೆ ಮರಳಿ 1825ರ ಮೇ 6ರಂದು, ಎರಡನೆಯವಳು ಎಲಿಜಬೆತ್ ಜೂನ್ 15ರಂದು ಕಣ್ಮುಚ್ಚಿದರು. ಒಬ್ಬಳಿಗೆ ಹನ್ನೊಂದು ವರ್ಷ, ಇನ್ನೊಬ್ಬಳಿಗೆ ಹತ್ತು. ಷಾರ್ಲೆಟ್ ಮತ್ತು ಎಮಿಲಿಯರನ್ನು ತಂದೆಯೇ ಮನೆಗೆ ಕರೆತಂದ. ‘ಜೇನ್ ಐರ್’ನಲ್ಲಿ ಬರುವ ಲೋವುಡ್ ಶಾಲೆ ಇದೇ.

ಆಮೇಲೆ ಮಕ್ಕಳು ಮನೆಯಲ್ಲಿಯೇ ತಂದೆಯ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಓದಿ ಬೆಳೆದರು. ಪಾದ್ರಿ ಊರನ್ನೂ ಮರೆಯಲಿಲ್ಲ. ಹಾವರ್ತಿಗೆ ಶುದ್ಧ ನೀರು ಬೇಕೆಂದು ಸರ್ಕಾರಕ್ಕೆ ಬಿಡದೆ ಬರೆದ. 1850ರಲ್ಲಿ ಬಂದ ಅಧಿಕಾರಿ ಪರಿಶೀಲಿಸಿ ನೋಡಲಾಗಿ, ಆ ಊರಿನಲ್ಲಿ ನೂರಕ್ಕೆ 41 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಅಷ್ಟರಲ್ಲಿ ಆತನ ಮನೆಯೂ ಬರಿದಾಗಿತ್ತು. 1848ರಲ್ಲಿ ಮಗ ಬ್ರಾನ್‌ವೆಲ್, ಅದೇ ವರ್ಷ ಎಮಿಲಿ, 1849ರಲ್ಲಿ ಆನ್, ಕೊನೆಗೆ 1855ರಲ್ಲಿ ಷಾರ್ಲೆಟ್ ತೀರಿಕೊಂಡರು. ಆರು ಮಕ್ಕಳನ್ನೂ ಕಳೆದುಕೊಂಡ ವೃದ್ಧನನ್ನು ಷಾರ್ಲೆಟ್ಟಳ ಗಂಡ ನಿಕೋಲ್ಸ್ ಕೊನೆಯವರೆಗೂ ನೋಡಿಕೊಂಡ. 1861ರ ಜೂನ್ 7ರಂದು, 84ನೆಯ ವಯಸ್ಸಿನಲ್ಲಿ ಪ್ಯಾಟ್ರಿಕ್ ನಿಧನನಾದ. ಅಳಿಯನಿಗೆ ಆ ಹುದ್ದೆ ದೊರಕಲಿಲ್ಲ; ಆತ ಮನೆ ತೆರವು ಮಾಡಿ ಐರ್ಲೆಂಡಿಗೆ ಹೊರಟುಹೋದ. ತಂದೆ ಜೀವನವಿಡೀ ಅಂಜಿದ್ದು ಆ ದಿನ ನಡೆಯಿತು. ಆದರೆ ಬೀದಿಗೆ ಬೀಳಲು ಮಕ್ಕಳೇ ಉಳಿದಿರಲಿಲ್ಲ.

ನಾನು ಮೊದಲ ವರ್ಷದಲ್ಲಿ ಶುಲ್ಕ ರಿಯಾಯಿತಿಯ ಅರ್ಜಿಯನ್ನು ಗೆಳೆಯರಿಗೆ ಕಾಣದಂತೆ ಪುಸ್ತಕದ ನಡುವೆ ಮಡಿಚಿ ಒಯ್ದಿದ್ದೆ. ಆದಾಯದ ಪ್ರಮಾಣಪತ್ರಕ್ಕಾಗಿ ನಮ್ಮಪ್ಪ ಕಚೇರಿಯ ಬಾಗಿಲಲ್ಲಿ ಮೂರು ದಿನ ನಿಂತುದನ್ನು ಯಾರಿಗೂ ಹೇಳಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಬಡ ವಿದ್ಯಾರ್ಥಿಯೆಂದೇ ದಾಖಲಾದ ಪ್ಯಾಟ್ರಿಕ್ಕನ ಕಥೆ ಓದಿದ ಮೇಲೆ ಆ ನಾಚಿಕೆ ಕಳೆಯಿತು. ನೆರವು ಪಡೆಯುವುದು ಅವಮಾನವಲ್ಲ. ಆದರೆ ಕೊಡುವವರು ಕೊಟ್ಟು ಸುಮ್ಮನಾಗದೆ, ಅದು ಉಣ್ಣುವ ತಟ್ಟೆಯನ್ನೂ ಹೊದೆಯುವ ಕಂಬಳಿಯನ್ನೂ ಸರಿಯಾಗಿ ಮುಟ್ಟಿತೇ ಎಂದು ನೋಡಬೇಕು. ಮಾರ್ಟಿನ್ನನ ನೆರವಿನಿಂದ ಒಬ್ಬ ಪದವೀಧರನಾದ. ನೋಡುವವರಿಲ್ಲದ ನೆರವಿನಲ್ಲಿ ಇಬ್ಬರು ಹುಡುಗಿಯರು ಬಾಡಿದರು. ನಾಳೆ ನಮ್ಮಲ್ಲಿ ಯಾರಾದರೂ ಕೊಡುವ ಸ್ಥಾನದಲ್ಲಿ ಕುಳಿತಾಗ ಈ ಎರಡನ್ನೂ ನೆನೆಯುವಂತಾಗಲಿ.