ಮೆಂಡಲೀವನ ಒಂಟಿ ಬಲೂನು ಯಾನ

ಡಿಮಿಟ್ರಿ ಮೆಂಡಲೀವ್ ಎಂದೊಡನೆ ನಮಗೆಲ್ಲ ನೆನಪಾಗುವುದು ಹೈಸ್ಕೂಲಿನ ಗೋಡೆಗೆ ತೂಗುಹಾಕಿದ್ದ ಮೂಲಧಾತುಗಳ ಆವರ್ತ ಕೋಷ್ಟಕ. ಪಿಯುಸಿಯಲ್ಲಿ ಅದನ್ನು ಉರುಹೊಡೆದು, ಮೆಡಿಕಲ್ ಸೀಟು ಸಿಕ್ಕ ಮೇಲೆ ನಿಶ್ಚಿಂತೆಯಿಂದ ಮರೆತವರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದೇವೆ. ಆದರೆ ಇದೇ ಮೆಂಡಲೀವ್ ತನ್ನ 53ನೆಯ ವಯಸ್ಸಿನಲ್ಲಿ, ಬಲೂನು ನಡೆಸಿದ ಅನುಭವವೇ ಇಲ್ಲದೆ, ಒಬ್ಬನೇ 3 ಕಿಲೋಮೀಟರಿಗೂ ಮೇಲೆ ಹಾರಿ ಕ್ಷೇಮವಾಗಿ ಇಳಿದು ಬಂದ ಸಂಗತಿಯನ್ನು ನಮಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಆತ ಹುಟ್ಟಿದ್ದು 1834ರಲ್ಲಿ, ಸೈಬೀರಿಯಾದ ತೊಬೊಲ್ಸ್ಕ್ ಪಟ್ಟಣದಲ್ಲಿ. ಮನೆ ತುಂಬ ಮಕ್ಕಳು; ಇವನೇ ಕೊನೆಯವನು. ಶಾಲೆಯ ಮುಖ್ಯಸ್ಥನಾಗಿದ್ದ ತಂದೆಗೆ ಅದೇ ವರ್ಷ ಕಣ್ಣು ಹೋಯಿತು. ತಾಯಿ ಮರಿಯಾ ತನ್ನ ತವರಿನವರ ಗಾಜಿನ ಕಾರ್ಖಾನೆ ನಡೆಸಿ ಸಂಸಾರ ತೂಗಿಸಿದಳು. 1847ರಲ್ಲಿ ಗಂಡ ತೀರಿಕೊಂಡ; ಮರುವರ್ಷ ಕಾರ್ಖಾನೆ ಸುಟ್ಟು ಬೂದಿಯಾಯಿತು. ಆ ತಾಯಿ ಕೈಕಟ್ಟಿ ಕೂರಲಿಲ್ಲ. ಮಗನ ಓದಿಗಾಗಿ 1849ರಲ್ಲಿ ಸೈಬೀರಿಯಾದಿಂದ ಮಾಸ್ಕೋವಿಗೆ ಹೊರಟಳು. ಅಲ್ಲಿನ ವಿಶ್ವವಿದ್ಯಾನಿಲಯ ಸೇರಿಸಿಕೊಳ್ಳಲಿಲ್ಲ. ಅಲ್ಲಿಂದ ಪೀಟರ್ಸ್‌ಬರ್ಗ್. 1850ರಲ್ಲಿ ಅಲ್ಲಿನ ಶಿಕ್ಷಕರ ಸಂಸ್ಥೆಯಲ್ಲಿ ಮಗನಿಗೆ ಸೀಟು ಸಿಕ್ಕಿತು; ಅದೇ ವರ್ಷ ಆಕೆ ಕಣ್ಣುಮುಚ್ಚಿದಳು. 37 ವರ್ಷಗಳ ಅನಂತರ, ದ್ರಾವಣಗಳ ಮೇಲಿನ ತನ್ನ ದೊಡ್ಡ ಗ್ರಂಥವನ್ನು ಮೆಂಡಲೀವ್ ಆ ತಾಯಿಯ ನೆನಪಿಗೆ ಅರ್ಪಿಸಿದ. ಅವನು ಬಲೂನು ಹತ್ತಿದ್ದೂ ಅದೇ 1887ರಲ್ಲಿ.

ವಿದ್ಯಾರ್ಥಿಯಾಗಿದ್ದಾಗ ಅವನಿಗೆ ಕೆಮ್ಮಿದರೆ ರಕ್ತ ಬರುತ್ತಿತ್ತು. ಕ್ಷಯ, ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದರು. ಬೆಚ್ಚಗಿನ ಹವೆಯಾದರೂ ಸಿಗಲಿ ಎಂದು 1855ರಲ್ಲಿ ಕ್ರಿಮಿಯಾದ ಸಿಂಫೆರೊಪೊಲ್‌ಗೆ ಮೇಷ್ಟ್ರ ಕೆಲಸಕ್ಕೆ ಹೋದ. ಅಲ್ಲಿ ಯುದ್ಧದ ಗಾಯಾಳುಗಳ ನಡುವೆ ದುಡಿಯುತ್ತಿದ್ದ ಪ್ರಖ್ಯಾತ ಸರ್ಜನ್ ಪಿರಗೋವ್ ಅವನನ್ನು ಪರೀಕ್ಷಿಸಿ, ಸಾಯುವಂಥ ಕಾಯಿಲೆ ಏನೂ ಇಲ್ಲವೆಂದು ಕಳಿಸಿಕೊಟ್ಟ. ಆಗ ಎಕ್ಸ್-ರೇ ಬರಲು ಇನ್ನೂ 40 ವರ್ಷವಿತ್ತು. ಕೋಖ್ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಬರೀ ಕಿವಿ, ಕೈಬೆರಳುಗಳನ್ನು ನಂಬಿ ಹಲವರು ಬರೆದಿಟ್ಟ ಡಯಾಗ್ನೋಸಿಸ್ ಅನ್ನು ಅಳಿಸಿಹಾಕುವುದು ಎಂಥ ಧೈರ್ಯದ ಕೆಲಸ ಎನ್ನುವುದು ರೆಸಿಡೆನ್ಸಿ ಮಾಡಿದವರಿಗೆ ಗೊತ್ತು.

1869ರ ಆವರ್ತ ಕೋಷ್ಟಕದ ವಿಚಾರ ಎಲ್ಲರೂ ಬಲ್ಲದ್ದು. ಅದರಲ್ಲಿ ಖಾಲಿ ಬಿಟ್ಟ ಮನೆಗಳಿಗೆ ಆತ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟ. ಆ ಏಕ ನಮ್ಮ ಸಂಸ್ಕೃತದ ಏಕವೇ. 1875ರಿಂದ 1886ರೊಳಗೆ ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂ ಸಿಕ್ಕಿ ಆ ಮೂರೂ ಮನೆ ತುಂಬಿದವು.

ಅಷ್ಟರಲ್ಲಿ ಅವನ ಮನಸ್ಸು ಅನಿಲಗಳತ್ತ ತಿರುಗಿತ್ತು. ಒತ್ತಡ ಕಡಿಮೆಯಾದಾಗ ಅನಿಲ ಹೇಗೆ ವರ್ತಿಸುತ್ತದೆ ಎಂದು ಅಳೆಯುತ್ತ ಹೋದವನಿಗೆ ಮೇಲಿನ ಆಕಾಶದ ತೆಳುಗಾಳಿಯೇ ದೊಡ್ಡ ಪ್ರಯೋಗಶಾಲೆಯಾಗಿ ಕಂಡಿತು. 1875ರ ಏಪ್ರಿಲ್‌ನಲ್ಲಿ ಝೆನಿತ್ ಎಂಬ ಫ್ರೆಂಚ್ ಬಲೂನಿನಲ್ಲಿ 8 ಕಿಲೋಮೀಟರಿನಷ್ಟು ಮೇಲೇರಿದ ಮೂವರಲ್ಲಿ ಇಬ್ಬರು ಆಮ್ಲಜನಕ ಸಾಲದೆ ಸತ್ತರು. ಈ ಸಾವಿನಲ್ಲಿ ಏದುಸಿರಿಲ್ಲ, ಸಂಕಟವಿಲ್ಲ. ಒಂದು ಬಗೆಯ ಹಿಗ್ಗು, ಆಮೇಲೆ ಮಂಪರು. ಅದೇ ವರ್ಷ ಮೆಂಡಲೀವ್ ಗಾಳಿ ಸೋರದಂತೆ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನು ಕೂರಿಸಿ ಕಳಿಸಬೇಕೆಂದು ಸೂಚಿಸಿದ. ಆಗ ಅದನ್ನು ಕಟ್ಟುವವರು ಯಾರೂ ಸಿಗಲಿಲ್ಲ.

ಇಲ್ಲಿ ಕೊಂಚ ಪದಗಳ ವಿಚಾರ. ಇಂಗ್ಲಿಷಿನ ಬಲೂನ್ ಎಂದರೆ ಮೂಲದಲ್ಲಿ ದೊಡ್ಡ ಚೆಂಡು. ರಷ್ಯನ್ನರಿಗೂ ಅದು ವಜ್ದೂಷ್ನಿ ಷಾರ್, ಅಂದರೆ ಗಾಳಿಯ ಗೋಳ. ಬಲೂನು ವಿದ್ಯೆಗೆ ಅವರು ವಜ್ದುಖಪ್ಲಾವಾನಿಯೆ ಎನ್ನುತ್ತಾರೆ. ಗಾಳಿಯಲ್ಲಿ ತೇಲುವುದು ಎಂದರ್ಥ. ಅದರೊಳಗಿನ ಪ್ಲಾವ್ ಮತ್ತು ನಮ್ಮ ಪಂಚಾಂಗದ ಪ್ಲವ ಸಂವತ್ಸರದ ಪ್ಲವ ಒಂದೇ ಬೇರಿನವು. ಇನ್ನು ನೆಲಕ್ಕೆ ಎಳೆದುಕೊಂಡು ಹೋಗಿ ಬಲೂನಿನ ಓಟ ತಗ್ಗಿಸುವ ಉದ್ದ ಹಗ್ಗ ಇಂಗ್ಲಿಷಿನಲ್ಲಿ ಗೈಡ್ ರೋಪ್. ರಷ್ಯನ್ನರು ಎರಡು ಪದವನ್ನೂ ಒಟ್ಟಿಗೆ ನುಂಗಿ ಗೈದ್ರೊಪ್ ಮಾಡಿಕೊಂಡಿದ್ದಾರೆ, ನಾವು ಬಸ್ಸು ಕಾರು ಮಾಡಿಕೊಂಡ ಹಾಗೆ.

1887ರ ಆಗಸ್ಟ್ 19ರಂದು (ರಷ್ಯದ ಹಳೆಯ ಪಂಚಾಂಗದಲ್ಲಿ 7) ಖಗ್ರಾಸ ಸೂರ್ಯಗ್ರಹಣ. ಮೋಡಗಳನ್ನು ದಾಟಿ ಮೇಲಿನಿಂದ ಅದನ್ನು ನೋಡಬೇಕೆಂದು ರಷ್ಯದ ತಾಂತ್ರಿಕ ಸಂಘ ಮೆಂಡಲೀವನನ್ನು ಆಹ್ವಾನಿಸಿತು. ಮಾಸ್ಕೋ ಬಳಿಯ ಕ್ಲಿನ್ ಪಟ್ಟಣದಲ್ಲಿ ಸೈನ್ಯದ ಜಲಜನಕದ ಬಲೂನು ಸಿದ್ಧವಾಯಿತು. ನಡೆಸುವವನು ಲೆಫ್ಟಿನೆಂಟ್ ಕವಾಂಕೊ, ಪ್ರಯಾಣಿಕ ಮೆಂಡಲೀವ್ ಎಂದು ಏರ್ಪಾಡು. ಆದರೆ ರಾತ್ರಿಯೆಲ್ಲ ಮಳೆ. ನೆನೆದ ಬಲೂನು ಭಾರವಾಗಿ ಇಬ್ಬರನ್ನು ಹೊತ್ತು ಏಳಲೊಲ್ಲದು. ಪೂರ್ಣಗ್ರಹಣಕ್ಕೆ ಉಳಿದದ್ದು ಕೆಲವೇ ನಿಮಿಷ. ಮೆಂಡಲೀವ್ ಲೆಫ್ಟಿನೆಂಟನನ್ನೇ ಕೆಳಗಿಳಿಸಿ ತಾನೊಬ್ಬನೇ ಹೊರಟುಬಿಟ್ಟ.

ಹಾಗೇಕೆ ಮಾಡಿದನೆಂದು ಆಮೇಲೆ ಅವನೇ ಬರೆದಿದ್ದಾನೆ. ಶ್ಚೆದ್ರಿನ್ ಎಂಬ ವ್ಯಂಗ್ಯ ಲೇಖಕನ ಕಥೆಯೊಂದರಲ್ಲಿ, ನಿರ್ಜನ ದ್ವೀಪಕ್ಕೆ ಸಿಕ್ಕಿಬಿದ್ದ ಇಬ್ಬರು ಅಧಿಕಾರಿಗಳು ಒಬ್ಬ ರೈತ ಬೇಯಿಸಿ ಹಾಕದಿದ್ದರೆ ಹಸಿದು ಸಾಯುವಂಥವರು. ಪ್ರೊಫೆಸರುಗಳೂ ಅಂಥವರೇ, ಬಾಯಿಮಾತಿಗೆ ಮಾತ್ರ ಎಂದು ಜನ ತಿಳಿದಿದ್ದರು. ಅದು ಸುಳ್ಳೆಂದು ತೋರಿಸುವ ಹಟ ಅವನಿಗೆ.

ಮೇಲೆ ಹೋದಾಗ ಮಬ್ಬುಗತ್ತಲು. ಸೂರ್ಯನ ಸುತ್ತಲಿನ ಪ್ರಭಾವಲಯ ಕೆಲವು ಕ್ಷಣ ಕಂಡು ಮತ್ತೆ ಮೋಡಕ್ಕೆ ಮರೆಯಾಯಿತು. ಅದರ ಹೆಸರು ಕರೋನಾ. 2020ರಿಂದ ಈಚೆಗೆ ಆ ಪದ ಕೇಳಿದರೆ ನಮ್ಮ ವೃತ್ತಿಯವರಿಗೆ ನೆನಪಾಗುವುದೇ ಬೇರೆ. ಎರಡಕ್ಕೂ ಮೂಲ ಕಿರೀಟ ಎನ್ನುವ ಲ್ಯಾಟಿನ್ ಪದ. ಎಣಿಸಿದಷ್ಟು ಅಳತೆಗಳು ಅವನಿಗೆ ದಕ್ಕಲಿಲ್ಲ.

ನಿಜವಾದ ಗಂಡಾಂತರ ಕಾದಿದ್ದು ಇಳಿಯುವಾಗ. ಬಲೂನಿನ ನೆತ್ತಿಯಲ್ಲಿ ಒಂದು ಕವಾಟ. ಅದರ ಹಗ್ಗ ಬುಟ್ಟಿಯವರೆಗೂ ಇಳಿಬಿದ್ದಿರುತ್ತದೆ. ಹಗ್ಗ ಎಳೆದರೆ ಅನಿಲ ಹೊರಹೋಗಿ ಬಲೂನು ಇಳಿಯುತ್ತದೆ, ಮರಳು ಚೆಲ್ಲಿದರೆ ಏರುತ್ತದೆ. ಬಲೂನು ನಡೆಸುವ ವಿದ್ಯೆಯೆಲ್ಲ ಬಹುಪಾಲು ಇಷ್ಟೇ. ಈಗ ಆ ಹಗ್ಗವೇ ಸಿಕ್ಕುಬಿದ್ದಿತ್ತು. ಐವತ್ತು ದಾಟಿದ ಪ್ರೊಫೆಸರು ಆಕಾಶದ ಮಧ್ಯೆ ಬುಟ್ಟಿಯ ಅಂಚು ಹತ್ತಿ ನಿಂತು ಸಿಕ್ಕು ಬಿಡಿಸಿದ. ಆಮೇಲೆ ಕವಾಟ, ಮರಳು ಎರಡನ್ನೂ ಲೆಕ್ಕವಿಟ್ಟು ಬಳಸುತ್ತ, ಹಾರಿದ ಎರಡೂವರೆ ಗಂಟೆಯ ಮೇಲೆ, ಓಡಿಬಂದ ರೈತರ ನಡುವೆ ನೆಲ ಮುಟ್ಟಿದ. ಇಳಿದದ್ದು ಸ್ಪಾಸ್-ಉಗೊಲ್ ಎಂಬ ಹಳ್ಳಿಯ ಹತ್ತಿರ. ಶ್ಚೆದ್ರಿನ್ ಹುಟ್ಟಿದ ಊರು ಅದೇ. ಗಾಳಿ ಬೇರೆಲ್ಲೂ ಬಿಡದೆ ಅಲ್ಲಿಗೇ ಒಯ್ದಿತ್ತು.

ಫ್ರಾನ್ಸಿನ ಬಲೂನು ಹವಾಮಾನ ಅಕಾಡೆಮಿ ಅವನ ಧೈರ್ಯಕ್ಕೆ ಪ್ರಶಸ್ತಿಪತ್ರ ಕಳಿಸಿತು. 1890ರಲ್ಲಿ ವಿದ್ಯಾರ್ಥಿಗಳ ಮನವಿಯನ್ನು ಮಂತ್ರಿಗೆ ಮುಟ್ಟಿಸಲು ಹೋಗಿ, ಅದನ್ನು ತಿರಸ್ಕರಿಸಿದ್ದಕ್ಕೆ ವಿಶ್ವವಿದ್ಯಾನಿಲಯದ ಕೆಲಸವನ್ನೇ ಬಿಟ್ಟ. ಮುಂದೆ ತೂಕ ಅಳತೆಗಳ ಇಲಾಖೆ ನೋಡಿಕೊಂಡ. ಸಾಯುತ್ತಾನೆಂದು ವೈದ್ಯರು ಹೇಳಿ ಅರ್ಧ ಶತಮಾನ ಕಳೆದ ಮೇಲೆ, 1907ರಲ್ಲಿ, ತೀರಿಕೊಂಡ. ಅವನು ಬಯಸಿದ್ದ ಬಗೆಯ ಮುಚ್ಚಿದ ಕೋಣೆಯಲ್ಲಿ ಕುಳಿತು 1931ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಕಾರ್ ಮತ್ತು ಅವನ ಸಹಾಯಕ 15 ಕಿಲೋಮೀಟರಿಗೂ ಮೇಲೆ ಹೋಗಿ ಜೀವಂತ ಇಳಿದರು. ಅಂಥ ಬಲೂನಿಗೆ ರಷ್ಯನ್ನರು ಇಟ್ಟ ಹೆಸರು ಸ್ಟ್ರಾಟೊಸ್ಟಾಟ್.