ಕೊತ್ವಾಲ ರಾಜಾ ಬಹದ್ದೂರ್ ವೆಂಕಟರಾಮರೆಡ್ಡಿಯವರು

ಹೈದರಾಬಾದಿನ ಹಳಬರಿಗೆ ಕೊತ್ವಾಲರೆಂದರೆ ಬರಿಯ ಒಬ್ಬ ಅಧಿಕಾರಿಯಲ್ಲ. ಮೊಗಲರ ಕಾಲದಿಂದಲೂ ಪಟ್ಟಣದ ರಾತ್ರಿಯ ಪಹರೆ, ಪೇಟೆಯ ತೂಕ ಅಳತೆಗಳು, ಊರಿಗೆ ಬಂದುಹೋಗುವ ಹೊಸಬರ ಮೇಲಿನ ನಿಗಾ, ಇವೆಲ್ಲವೂ ಕೊತ್ವಾಲನ ಪಾಲಿಗೆ ಬಂದ ಕೆಲಸಗಳಾಗಿದ್ದುವು. ನಿಜಾಮರ ರಾಜ್ಯದಲ್ಲಿ ಜಿಲ್ಲೆಗಳ ಪೊಲೀಸು ಬೇರೆ, ರಾಜಧಾನಿಯ ಪೊಲೀಸು ಬೇರೆ. ಜಿಲ್ಲೆಗಳ ಪೊಲೀಸರಿಗೆ ಪ್ರತ್ಯೇಕವಾದ ಮುಖ್ಯಾಧಿಕಾರಿಗಳಿದ್ದರೆ, ನಗರದ ಕೊತ್ವಾಲರು ಊರಿನ ಆಗುಹೋಗುಗಳನ್ನು ನೇರವಾಗಿ ಪ್ರಭುಗಳಿಗೇ ಅರಿಕೆ ಮಾಡತಕ್ಕವರಾಗಿದ್ದರು. ಆದುದರಿಂದ ಸಾಮಾನ್ಯ ಜನರಿಗೆ ಆ ಪದವಿಯಲ್ಲಿ ಗೌರವವೆಷ್ಟೋ ಅಂಜಿಕೆಯೂ ಅಷ್ಟೇ ಇದ್ದಿತು.

1921ರ ಜನಗಣತಿಯಲ್ಲಿ ಈ ನಗರದ ಜನಸಂಖ್ಯೆ 4,04,187. ಅಷ್ಟು ದೊಡ್ಡ ಪಟ್ಟಣದ ಕಾವಲಿನ ಹೊಣೆಯನ್ನು 1920ರಿಂದ 1934ರವರೆಗೆ, ಸುಮಾರು 14 ವರ್ಷಗಳ ಕಾಲ, ಹೊತ್ತವರು ವೆಂಕಟರಾಮರೆಡ್ಡಿಯವರು. ಅಸಫ್‌ಜಾಹಿ ಆಳಿಕೆಯಲ್ಲಿ ಆ ಪೀಠವನ್ನೇರಿದ ಮೊದಲ ಹಿಂದುವೆಂದು ಅವರನ್ನು ಗುರುತಿಸುವುದುಂಟು. ನಮ್ಮ ನಾರಾಯಣಗೂಡದ ಮಹಿಳಾ ಕಾಲೇಜಿನ ಹೆಸರಿನ ಮುಂದೆ ಆರ್.ಬಿ.ವಿ.ಆರ್.ಆರ್. ಎಂಬ ಅಕ್ಷರಗಳನ್ನು ನಾವು ದಿನವೂ ಓದುತ್ತೇವೆ. ಅವು ಇವರ ಹೆಸರಿನ ಅಕ್ಷರಗಳೇ. ಆದರೆ ಈ ಮಹನೀಯರು ಪೊಲೀಸ್ ಉಡುಪನ್ನು ಮೊದಲು ತೊಟ್ಟುದು ಹೈದರಾಬಾದಿನಲ್ಲಿ ಅಲ್ಲ, ಕನ್ನಡ ನಾಡಿನ ಮುದಗಲ್ಲಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಅವರು 1869ನೆಯ ಇಸವಿ ಆಗಸ್ಟ್ 22ರಂದು ವನಪರ್ತಿ ಸಂಸ್ಥಾನಕ್ಕೆ ಸೇರಿದ ರಾಯಣಿಪೇಟೆಯೆಂಬ ಹಳ್ಳಿಯಲ್ಲಿ ಹುಟ್ಟಿದರು. ಮನೆಮಾತು ತೆಲುಗು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು. ಆ ಕಾಲದ ಹಳ್ಳಿಯ ಹುಡುಗನಿಗೆ ದೊರೆಯಬಹುದಾದ ವಿದ್ಯೆ ತೀರ ಅಲ್ಪವಾದುದು. ಕಾಲೇಜಿನ ಮೆಟ್ಟಿಲನ್ನು ಅವರು ತುಳಿಯಲಿಲ್ಲ. ಆದರೆ ಭಾಷೆಗಳನ್ನು ಕಲಿಯುವುದರಲ್ಲಿ ಅವರಿಗೆ ವಿಶೇಷವಾದ ಆಸಕ್ತಿಯಿದ್ದಿತು. ತೆಲುಗಿನ ಜೊತೆಗೆ ಉರ್ದು, ಪಾರಸಿ, ಕನ್ನಡ, ಮರಾಠಿಗಳನ್ನು ಅವರು ಕಲಿತುಕೊಂಡರು. ವನಪರ್ತಿಯ ಸೀಮೆಗೆ ರಾಯಚೂರು ದೂರದ ಊರಲ್ಲ. ನಡುವೆ ಕೃಷ್ಣೆಯೊಂದು ಅಡ್ಡ. ನದಿಯ ಒಂದು ದಡದಲ್ಲಿ ತೆಲುಗು ಮಾತಾದರೆ ಇನ್ನೊಂದು ದಡದಲ್ಲಿ ಕನ್ನಡ. ಎರಡೂ ಕಡೆ ಸರಕಾರದ ಮಾತು ಮಾತ್ರ ಬೇರೆ.

1886ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿದ್ದಾಗ, ಅವರು ಮುದಗಲ್ಲಿಗೆ ಅಮೀನರಾಗಿ ನೇಮಕಗೊಂಡರು. ಅಮೀನರೆಂದರೆ ಇಂದಿನ ಸಬ್ ಇನ್ಸ್‌ಪೆಕ್ಟರ್. ಈಗ ಆ ಹುದ್ದೆಗೆ ಪದವಿ ಬೇಕು, ಲಿಖಿತ ಪರೀಕ್ಷೆ ಬೇಕು, ಓಟ, ಜಿಗಿತ ಮೊದಲಾದ ದೇಹ ಪರೀಕ್ಷೆಗಳಲ್ಲಿ ಗೆಲ್ಲಬೇಕು, ಆಮೇಲೆ ತಿಂಗಳುಗಟ್ಟಲೆ ಶಿಕ್ಷಣವಾಗಬೇಕು. ಅಂದು ಇಂಥ ಏರ್ಪಾಟುಗಳಿರಲಿಲ್ಲ. ಮೇಲಧಿಕಾರಿಯ ಮೆಚ್ಚುಗೆ, ಮನೆತನದ ಪರಿಚಯ, ಓದುಬರಹದ ಶಕ್ತಿ ಇವುಗಳ ಮೇಲೆ ನೇಮಕಗಳು ನಡೆಯುತ್ತಿದ್ದುವು. ಈ ಪದ್ಧತಿಯಿಂದ ಅಯೋಗ್ಯರೂ ಅಧಿಕಾರಕ್ಕೆ ಬರುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲೇಜನ್ನು ಕಾಣದ ಒಬ್ಬ ಹಳ್ಳಿಯ ಹುಡುಗನಿಗೆ ಬಾಗಿಲು ತೆರೆದುದೂ ಅದೇ ಪದ್ಧತಿ. ಒಳಗೆ ಬಂದ ಮೇಲೆ ಕೆಲಸವನ್ನು ಕಲಿಯುವ ಭಾರ ಮಾತ್ರ ಅವನದೇ ಆಗಿದ್ದಿತು.

ಮುದಗಲ್ಲಿನ ವಿಚಾರವನ್ನು ಸ್ವಲ್ಪ ಹೇಳಬೇಕು. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ರಾಯಚೂರು ದೋಆಬಿಗಾಗಿ ಕಾದಾಡಿದಾಗಲೆಲ್ಲ ಈ ಕೋಟೆಯ ಹೆಸರು ಬರುತ್ತದೆ. ಅಲ್ಲಿಯ ಮೊಹರಮ್ ಹಬ್ಬ ಬಹಳ ಪ್ರಸಿದ್ಧವಾದುದು. ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಅದನ್ನು ನಡೆಸುತ್ತಾರೆ. ಊರಿನಲ್ಲಿ ಹಳೆಯ ಕ್ರೈಸ್ತ ಇಗರ್ಜಿಯೂ ಇದೆ. ಇಂದು ಅದು ರಾಯಚೂರು ಜಿಲ್ಲೆಯಲ್ಲಿದ್ದರೂ, ಆಗ ಲಿಂಗಸುಗೂರೇ ಒಂದು ಜಿಲ್ಲೆಯಾಗಿದ್ದಿತು. 1905ರಲ್ಲಿ ಅದು ರಾಯಚೂರಿನಲ್ಲಿ ವಿಲೀನವಾಯಿತು. ವೆಂಕಟರಾಮರೆಡ್ಡಿಯವರು ಅಲ್ಲಿಗೆ ಹೋಗುವ ಎಂಟು ಹತ್ತು ವರ್ಷಗಳ ಹಿಂದೆ, 1876ರಿಂದ 1878ರವರೆಗಿನ ಮಹಾಕ್ಷಾಮವು ಆ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿದ್ದಿತು. ದನಕರುಗಳನ್ನು ಕಳೆದುಕೊಂಡ ಒಕ್ಕಲುಮಕ್ಕಳು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದ್ದ ಕಾಲವದು.

ಇಂಥ ಠಾಣೆಗೆ ಮೀಸೆ ಮೂಡುತ್ತಿದ್ದ ತರುಣನೊಬ್ಬನು ಅಧಿಕಾರಿಯಾಗಿ ಬಂದುದನ್ನು ವಾಚಕರು ಊಹಿಸಿಕೊಳ್ಳಬೇಕು. ಪ್ರತಿ ಹಳ್ಳಿಯಲ್ಲಿಯೂ ಒಬ್ಬ ಪೊಲೀಸ್ ಪಟೇಲರು. ಕಳವಾಗಲಿ, ಹೊಡೆದಾಟವಾಗಲಿ ಮೊದಲು ಅವರ ಕಿವಿಗೆ ಬೀಳಬೇಕು, ಅಲ್ಲಿಂದ ಠಾಣೆಗೆ. ಪಟೇಲರಲ್ಲಿ ಬಹುಮಂದಿ ವಯಸ್ಸಿನಲ್ಲಿ ಅಮೀನರ ತಂದೆಗೆ ಸಮಾನರಾದವರು. ದೂರು ಹೇಳುವ ರೈತನ ಬಾಯಲ್ಲಿ ಬರುವುದು ರಾಯಚೂರು ಕಡೆಯ ಕನ್ನಡ. ಅದನ್ನು ಬರೆಯತಕ್ಕುದು ಉರ್ದುವಿನಲ್ಲಿ. ಏಕೆಂದರೆ ಕೆಲವೇ ವರ್ಷಗಳ ಹಿಂದೆ ಪಾರಸಿಯ ಸ್ಥಾನದಲ್ಲಿ ಉರ್ದು ರಾಜ್ಯದ ಆಡಳಿತ ಭಾಷೆಯಾಗಿದ್ದಿತು. ಹೇಳಿದವನಿಗೆ ತಾನು ಹೇಳಿದುದನ್ನೇ ಬರೆದರೋ ಬೇರೆಯದನ್ನು ಬರೆದರೋ ತಿಳಿಯುವಂತಿರಲಿಲ್ಲ. ಹೆಬ್ಬೆಟ್ಟನ್ನು ಒತ್ತಿ ಹೋಗಬೇಕು. ಕನ್ನಡವನ್ನು ಬಲ್ಲ ಅಮೀನನಿಗೂ ಬಲ್ಲದ ಅಮೀನನಿಗೂ ಇರುವ ಅಂತರ ಎಂಥದೆಂಬುದು ಇದರಿಂದ ತಿಳಿಯುತ್ತದೆ. ನಡುವೆ ದುಭಾಷಿಯೊಬ್ಬನು ನಿಂತರೆ ಅವನ ಕೈಗೂ ಏನಾದರೂ ಬೀಳಬೇಕಾಗುತ್ತಿದ್ದಿತು! ವೆಂಕಟರಾಮರೆಡ್ಡಿಯವರು ಬಡವರ ಮಾತನ್ನು ಅವರ ಬಾಯಿಂದಲೇ ಕೇಳಬಲ್ಲವರಾಗಿದ್ದರು. ಪೊಲೀಸ್ ಅಧಿಕಾರಿಯಾಗುವುದೆಂದರೆ ಉಡುಪು ತೊಡುವುದಕ್ಕಿಂತ ಮೊದಲು ಕಿವಿಗೊಡುವುದೆಂಬ ಪಾಠ ಅವರಿಗೆ ಹೀಗೆ ಕನ್ನಡ ನೆಲದಲ್ಲಿಯೇ ಆಯಿತೆಂದು ನಾವು ಅಭಿಮಾನಪಡಬಹುದು.

ಮುದಗಲ್ಲಿನಿಂದ ರಾಜಧಾನಿಯ ಕೊತ್ವಾಲರ ಪೀಠಕ್ಕೆ ಅವರು ನಡೆದ ದಾರಿ 34 ವರ್ಷಗಳದು. ಬೇರೆ ಬೇರೆ ಜಿಲ್ಲೆಗಳಲ್ಲಿ ಕೆಲಸ ಮಾಡಿ ಒಂದೊಂದೇ ಮೆಟ್ಟಿಲನ್ನು ಏರಿದರು. ನಡುವೆ ಕೆಲಕಾಲ ಹುಟ್ಟೂರಿನ ವನಪರ್ತಿ ಸಂಸ್ಥಾನದ ಕಾರ್ಯದರ್ಶಿಯಾಗಿಯೂ ಇದ್ದರು. ಬಳಿಕ ಕೊತ್ವಾಲರಾಗಿದ್ದ ಇಮಾದ್ ಜಂಗರು ಅವರನ್ನು ತಮ್ಮ ಸಹಾಯಕರನ್ನಾಗಿ ನಗರಕ್ಕೆ ಕರೆಸಿಕೊಂಡರು. 1920ರಲ್ಲಿ ಇಮಾದ್ ಜಂಗರು ತೀರಿಕೊಳ್ಳಲು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಆ ಸ್ಥಾನವನ್ನು ವೆಂಕಟರಾಮರೆಡ್ಡಿಯವರಿಗೆ ಒಪ್ಪಿಸಿದರು. ಮರುವರ್ಷವೇ ‘ರಾಜಾ ಬಹದ್ದೂರ್’ ಎಂಬ ಬಿರುದೂ ದೊರೆಯಿತು.

ಕೊತ್ವಾಲರ ದಿನಚರಿ ಸುಲಭವಾದುದಲ್ಲ. ಪ್ರಭುಗಳ ಸವಾರಿ ಹೊರಟರೆ ದಾರಿಯುದ್ದಕ್ಕೂ ಕಾವಲು. ಮೊಹರಮ್ ಬಂದಿತೆಂದರೆ ಆನೆಯ ಮೇಲೆ ಹೊರಡುವ ಬೀಬಿಯ ಅಲಮಿನ ಮೆರವಣಿಗೆಗೆ ಬಂದೋಬಸ್ತು. ಚಿಕ್ಕ ಊರಿನ ಮೊಹರಮನ್ನು ಕಂಡವರಿಗೆ ರಾಜಧಾನಿಯ ಮೊಹರಮ್ ಎದುರಾಯಿತು. 1922ರ ಜನವರಿಯಲ್ಲಿ ಇಂಗ್ಲೆಂಡಿನ ಯುವರಾಜರು ಹೈದರಾಬಾದಿಗೆ ಬಂದರು. ದೇಶದಲ್ಲೆಲ್ಲ ಅಸಹಕಾರ ಚಳವಳಿಯ ಕಾವು. ಮುಂಬಯಿಯಲ್ಲಿ ಅದೇ ಯುವರಾಜರು ಬಂದಿಳಿದಾಗ ದೊಡ್ಡ ಗಲಭೆಗಳಾಗಿದ್ದುವು. 1929ರ ಏಪ್ರಿಲ್‌ನಲ್ಲಿ ಮಹಾತ್ಮಾ ಗಾಂಧಿಯವರೂ ಈ ನಗರಕ್ಕೆ ಬಂದರು. ಎರಡು ಸಂದರ್ಭಗಳಲ್ಲಿಯೂ ನಗರದ ಶಾಂತಿಯ ಹೊಣೆ ಇದ್ದುದು ಒಬ್ಬರೇ ಕೊತ್ವಾಲರ ಮೇಲೆ. 1931ರಲ್ಲಿ ಬ್ರಿಟಿಷ್ ಸರಕಾರವು ಅವರಿಗೆ ಓ.ಬಿ.ಇ. ಪದವಿಯನ್ನಿತ್ತು ಗೌರವಿಸಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅವರು ಸೇವೆ ಸಲ್ಲಿಸಿದುದು ಪ್ರಜೆಗಳ ಸರಕಾರಕ್ಕಲ್ಲ. ಮುಂಚಿತವಾಗಿ ಅಪ್ಪಣೆ ಪಡೆಯದೆ ಸಭೆಗಳನ್ನು ನಡೆಸಕೂಡದೆಂಬ 53ನೆಯ ಗಶ್ತಿ ಇದ್ದ ಕಾಲವದು. ಪುಸ್ತಕ ಭಂಡಾರವನ್ನು ತೆರೆಯುವುದೂ ಅನುಮಾನಕ್ಕೆ ಎಡೆಮಾಡುತ್ತಿದ್ದಿತು. ಅಂಥ ಆಳಿಕೆಯ ಕಣ್ಣು ಕಿವಿಗಳಾಗಿದ್ದವರು ಕೊತ್ವಾಲರು. ಉಪ್ಪುಂಡ ಮನೆಗೆ ಎರಡು ಬಗೆಯದಂತೆ ಅವರು ನಡೆದುಕೊಂಡರು. ಸ್ವಾತಂತ್ರ್ಯದ ಹೋರಾಟಗಾರರ ಸಾಲಿನಲ್ಲಿ ಅವರನ್ನು ನಿಲ್ಲಿಸಲಾಗದು. ಆದರೆ ಅದೇ ಕೈಗಳಿಂದ ಅವರು ಮಾಡಿದ ಇನ್ನೊಂದು ಕೆಲಸವಿದೆ.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದೇ ವರ್ಷ, ಅಂದರೆ ಕೊತ್ವಾಲರಾಗುವ ಎರಡು ವರ್ಷಗಳ ಮೊದಲೇ, ವೆಂಕಟರಾಮರೆಡ್ಡಿಯವರು ರೆಡ್ಡಿ ವಿದ್ಯಾರ್ಥಿನಿಲಯದ ಸ್ಥಾಪನೆಗೆ ಮುಂದಾಳಾದರು. ಜಿಲ್ಲೆಗಳಲ್ಲಿ ಪ್ರೌಢಶಾಲೆಗಳು ಬೆರಳೆಣಿಕೆಯಷ್ಟು. ಓದಬೇಕೆಂದು ರಾಜಧಾನಿಗೆ ಬಂದ ಹಳ್ಳಿಯ ಹುಡುಗನಿಗೆ ಉಣ್ಣಲು, ತಂಗಲು ಆಶ್ರಯವಿಲ್ಲ. ತಮ್ಮ ಬಾಲ್ಯದಲ್ಲಿ ದೊರೆಯದುದು ಇತರರಿಗಾದರೂ ದೊರೆಯಲೆಂದು ಅವರು ಸಂಸ್ಥಾನಿಕರಿಂದಲೂ ಶ್ರೀಮಂತರಿಂದಲೂ ಹಣ ಕೂಡಿಸಿದರು. ಒಂದು ಜಾತಿಯ ಹೆಸರಿನಲ್ಲಿ ನಿಲಯವಿರಬೇಕೇ ಎಂದು ಇಂದಿನವರು ಕೇಳಬಹುದು, ಕೇಳತಕ್ಕುದೇ. ಅಂದಿನ ಸಮಾಜದಲ್ಲಿ ಹಣ ಕೂಡುತ್ತಿದ್ದ ದಾರಿ ಅದಾಗಿದ್ದಿತು.

ಆ ನಿಲಯದ ಕಾರ್ಯದರ್ಶಿಗಳಾಗಿ ಕೆಲಕಾಲವಿದ್ದವರು ಸುರವರಂ ಪ್ರತಾಪರೆಡ್ಡಿಯವರು. 1926ರಲ್ಲಿ ‘ಗೋಲಕೊಂಡ ಪತ್ರಿಕೆ’ಯನ್ನು ಹೊರಡಿಸಿ ತೆಲುಗು ಜನರನ್ನು ಎಚ್ಚರಿಸಿದವರು ಇವರೇ. ಮುಂದೆ ವೆಂಕಟರಾಮರೆಡ್ಡಿಯವರ ಜೀವನಚರಿತ್ರೆಯನ್ನು ಬರೆದವರೂ ಇವರೇ. ನಿಲಯದಲ್ಲಿದ್ದು ಓದಿದ ರಾವಿ ನಾರಾಯಣರೆಡ್ಡಿಯವರಂತೂ ನಿಜಾಮರ ಆಳಿಕೆಯ ವಿರುದ್ಧದ ತೆಲಂಗಾಣ ಹೋರಾಟಕ್ಕೆ ನಾಯಕರಾಗಿ, 1952ರ ಚುನಾವಣೆಯಲ್ಲಿ ನಲ್ಲಗೊಂಡದಿಂದ ನೆಹರೂ ಅವರಿಗಿಂತಲೂ ಹೆಚ್ಚು ಮತಗಳನ್ನು ಪಡೆದು ಲೋಕಸಭೆಗೆ ಆರಿಸಿ ಬಂದರು. ಪ್ರಭುಗಳ ಕೊತ್ವಾಲರು ಅನ್ನವಿಟ್ಟು ಓದಿಸಿದ ಹುಡುಗರಲ್ಲಿ ಪ್ರಭುತ್ವವನ್ನೇ ಪ್ರಶ್ನಿಸಿದವರು ಹುಟ್ಟಿದರು! ವಿದ್ಯೆಯ ಬಾಗಿಲನ್ನು ತೆರೆದವರಿಗೆ, ಒಳಹೊಕ್ಕವರು ಯಾವ ಬಾಗಿಲಿನಿಂದ ಹೊರಬರುವರೆಂಬುದು ತಿಳಿಯದು.

ಹೆಣ್ಣುಮಕ್ಕಳ ಓದಿಗೂ ಅವರ ಬೆಂಬಲವಿದ್ದಿತು. ಮಾಡಪಾಟಿ ಹನುಮಂತರಾಯರು 1928ರಲ್ಲಿ ನಾರಾಯಣಗೂಡದಲ್ಲಿ ತೆಲುಗು ಮಾಧ್ಯಮದ ಬಾಲಿಕಾ ಶಾಲೆಯನ್ನು ನಡೆಸತೊಡಗಿದಾಗ, ಕೊತ್ವಾಲರು ಅದರ ಹಿತೈಷಿಗಳಾಗಿ ನಿಂತರು. ಉರ್ದುವಿನಲ್ಲಿ ಪಾಠ ನಡೆಯದ ಶಾಲೆಗೆ ಸರಕಾರದ ಮನ್ನಣೆ ಸಿಗುವುದು ಕಷ್ಟವಾಗಿದ್ದುದರಿಂದ, ಅಲ್ಲಿಯ ಬಾಲಕಿಯರು ಪುಣೆಯ ಕರ್ವೆಯವರ ಮಹಿಳಾ ವಿದ್ಯಾಪೀಠದ ಪರೀಕ್ಷೆಗೆ ಕೂಡುತ್ತಿದ್ದರು. ಇಂಥ ಶಾಲೆಯ ಬೆನ್ನಿಗೆ ನಗರದ ಕೊತ್ವಾಲರಿದ್ದಾರೆಂದರೆ ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಹಿಂಜರಿಯುತ್ತಿದ್ದ ತಾಯಿತಂದೆಗಳಿಗೆ ಎಷ್ಟು ಧೈರ್ಯ ಬಂದಿರಬೇಕು! ಈ ನಗರದಲ್ಲಿ ಕನ್ನಡದಲ್ಲಿ ಓದುವ ನಮಗೆ, ತಾಯ್ನುಡಿಯ ಶಾಲೆಯೊಂದನ್ನು ಉಳಿಸಿಕೊಳ್ಳುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1934ರಲ್ಲಿ ಅವರು ಕೊತ್ವಾಲಿಯಿಂದ ನಿವೃತ್ತರಾದರು. ನಿಜಾಮರು ಅವರನ್ನು ಬಿಡದೆ ತಮ್ಮ ಸ್ವಂತ ಜಮೀನುಗಳ ಇಲಾಖೆಯಾದ ಸರ್ಫ್-ಎ-ಖಾಸ್‌ಗೆ ವಿಶೇಷಾಧಿಕಾರಿಗಳನ್ನಾಗಿ ನೇಮಿಸಿಕೊಂಡರು. ನಾಲ್ಕು ವರ್ಷಗಳ ಮೇಲೆ, 1938ರಲ್ಲಿ, ನಗರದ ಧೂಳಪೇಟೆಯಲ್ಲಿ ಕೋಮುಗಲಭೆ ಎದ್ದಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳು ಈ ರಾಜ್ಯಕ್ಕೆ ಒಳ್ಳೆಯವಾಗಿರಲಿಲ್ಲ. ಮುಪ್ಪಿನಲ್ಲಿ ಅವರು 1948ರ ಪೊಲೀಸ್ ಕಾರ್ಯಾಚರಣೆಯನ್ನೂ ನಿಜಾಮರ ಆಳಿಕೆಯ ಕೊನೆಯನ್ನೂ ಕಂಡರು. 1953ನೆಯ ಇಸವಿ ಜನವರಿ 25ರಂದು ಅವರ ಜೀವನ ಮುಗಿಯಿತು. ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಅವರು ಮೊದಲು ಅಧಿಕಾರ ನಡೆಸಿದ ಮುದಗಲ್ಲು ರಾಯಚೂರು ಜಿಲ್ಲೆಯೊಂದಿಗೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು.

ಅವರ ಹೆಸರಿನ ಮಹಿಳಾ ಕಾಲೇಜು 1954ರಲ್ಲಿ ನಾರಾಯಣಗೂಡದಲ್ಲಿ ಆರಂಭವಾಯಿತು. ತೆಲಂಗಾಣ ರಾಜ್ಯವು 2014ರಲ್ಲಿ ಉದಯಿಸಿದ ಮೇಲೆ ಹಿಮಾಯತ್ ಸಾಗರದ ಪೊಲೀಸ್ ಅಕಾಡೆಮಿಗೂ ಅವರ ಹೆಸರನ್ನೇ ಇಡಲಾಗಿದೆ. ಮುದಗಲ್ಲಿನಲ್ಲಿ ಅವರು ಹದಿನೇಳನೆಯ ವಯಸ್ಸಿನಲ್ಲಿ ಹಿಡಿದ ಹುದ್ದೆಗೆ ಇಂದು ಆಯ್ಕೆಯಾಗುವ ತರುಣ ತರುಣಿಯರು ಶಿಕ್ಷಣ ಪಡೆಯುವುದು ಅಲ್ಲಿಯೇ.